ಸಮುದಾಯ ಕಾರ್ಯಕ್ಕೆ ತಯಾರಿ: ಅರ್ಜಿ ಬರೆದುಕೊಡುವುದರಿಂದ ಆಚೆಗೆ

(ಸಮಾಜ ಕಾರ್ಯ ಓದುತ್ತಿರುವವರು ಮತ್ತು ತಾಲ್ಲೂಕು ಮಟ್ಟದ ಸಂಸ್ಥೆಗಳಿಗೆ ಹೊಸದಾಗಿ ಸೇರಿದವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರಾವರ್ತನೆಗಳನ್ನು ತೆಗೆದಿದೆ. ಸಭಿಕರ ಮೂರು ಪ್ರಶ್ನೆಗಳಿಗೆ ಕೊಟ್ಟ ಉತ್ತರ ಕೊನೆಯಲ್ಲಿದೆ.)

ಎಲ್ಲರಿಗೂ ನಮಸ್ಕಾರ.

ವೈದ್ಯರಿಗೆ, ವಕೀಲರಿಗೆ ನೋಂದಣಿ ಕಡ್ಡಾಯ. ಊರಿಗೆ ಹೋಗಿ ‘ನಾನು ಸಮುದಾಯ ಕಾರ್ಯಕರ್ತ’ ಎಂದು ಹೇಳಿಕೊಳ್ಳಲು ಯಾವ ಮಂಡಳಿಯ ಪರವಾನಗಿಯೂ ಬೇಡ. ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದವರೂ, ಹತ್ತನೇ ತರಗತಿಗೆ ಓದು ಬಿಟ್ಟು ಸಂಘಟನೆಯಲ್ಲಿ ಬೆಳೆದವರೂ ತಹಶೀಲ್ದಾರರ ಕೋಣೆಯ ಹೊರಗೆ ಒಂದೇ ಬೆಂಚಿನ ಮೇಲೆ ಕಾಯುತ್ತಾರೆ. ಅದೇ ಬೆಂಚಿನ ಮೇಲೆ ಮೂರನೆಯವನೊಬ್ಬ ಇರುತ್ತಾನೆ: ಕಂಕುಳಲ್ಲಿ ಹತ್ತಾರು ಜನರ ಫೈಲು ಇಟ್ಟುಕೊಂಡ ದಲ್ಲಾಳಿ. ಅವನಿಗೂ ಕಾಯ್ದೆ ಗೊತ್ತು, ಗುಮಾಸ್ತರ ಹೆಸರು ಗೊತ್ತು, ಕೆಲಸವೂ ಬೇಗ ಆಗುತ್ತದೆ. ಹಾಗಾದರೆ ಅವನಿಗೂ ನಿಮಗೂ ಏನು ವ್ಯತ್ಯಾಸ? ದುಡ್ಡು ತೆಗೆದುಕೊಳ್ಳದಿರುವುದು ಮಾತ್ರವೇ? ಅಷ್ಟೇ ಆಗಿದ್ದರೆ ನೀವು ಪುಕ್ಕಟೆ ದಲ್ಲಾಳಿ. ನೀವು ಊರು ಬಿಟ್ಟ ಮೇಲೆ ಆ ಕೇರಿಯವರು ತಮ್ಮ ಮುಂದಿನ ಅರ್ಜಿಯನ್ನು ತಾವೇ ನಡೆಸಬಲ್ಲರೇ ಎಂಬುದರಲ್ಲಿ ವ್ಯತ್ಯಾಸ ಇರಬೇಕು. ತರಬೇತಿ ಎಂದು ಏನೇನು ಕೊಡುತ್ತೇವೋ ಅದನ್ನೆಲ್ಲ ಈ ಒಂದು ಪ್ರಶ್ನೆಯಿಂದ ಅಳೆಯೋಣ.

ನಮ್ಮಲ್ಲಿ ಎರಡು ಬಗೆಯ ತರಬೇತಿಯ ಪರಂಪರೆ ಇದೆ. ಒಂದು ಕಾಲೇಜಿನದು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮುಂಬೈಯಲ್ಲಿ 1936ರಲ್ಲಿ ಶುರುವಾಯಿತು, ಮಂಗಳೂರಿನ ರೋಶನಿ ನಿಲಯ 1960ರಲ್ಲಿ. ಇನ್ನೊಂದು ಚಳವಳಿಯದು. ಎಪ್ಪತ್ತರ ದಶಕದಿಂದ ದಲಿತ ಸಂಘರ್ಷ ಸಮಿತಿ ನಡೆಸಿದ ಅಧ್ಯಯನ ಶಿಬಿರಗಳಲ್ಲಿ, ಜಾಥಾಗಳಲ್ಲಿ ಎಷ್ಟೋ ಜನ ಕಾನೂನು, ಭಾಷಣ, ಕರಪತ್ರ ಬರೆಯುವುದು, ಠಾಣೆಯಲ್ಲಿ ಹೆದರದೆ ನಿಲ್ಲುವುದು ಎಲ್ಲವನ್ನೂ ಕಲಿತರು. ಇವತ್ತು ಕಲಿಯುವವರಿಗೆ ಎರಡೂ ಅರ್ಧರ್ಧ ಸಿಗುತ್ತಿವೆ ಎಂಬುದೇ ನಮ್ಮ ತಕರಾರು.

ಮೊದಲು ಫೀಲ್ಡ್ ವರ್ಕ್ ವಿಷಯ. ಹೆಚ್ಚಿನ ಕಾಲೇಜುಗಳಲ್ಲಿ ವಾರಕ್ಕೆ ಎರಡು ದಿನ, ಸುಮಾರು 15 ಗಂಟೆ ಕ್ಷೇತ್ರದಲ್ಲಿರಬೇಕು. ಅದರ ಜೊತೆ ವಾರವೋ ಹತ್ತು ದಿನವೋ ಗ್ರಾಮೀಣ ಶಿಬಿರ, ಕೊನೆಗೆ ತಿಂಗಳ ಕಾಲದ ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಒಂದು ಸಂಸ್ಥೆಯಲ್ಲಿ ಪೂರ್ಣಾವಧಿ ಕೆಲಸ. ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆಯೇ. ಹಾಳಾಗುವುದು ವರದಿ ಬರೆಯುವಲ್ಲಿ. ‘ಇಂದು ಕಾಲೋನಿಗೆ ಭೇಟಿ ನೀಡಿ ನೀರಿನ ಸಮಸ್ಯೆ ಕುರಿತು ಜಾಗೃತಿ ಮೂಡಿಸಲಾಯಿತು’ ಎಂಬ ವಾಕ್ಯ ಸಾವಿರಾರು ಡೈರಿಗಳಲ್ಲಿದೆ. ಯಾರು ಏನು ಹೇಳಿದರು, ಯಾರು ಸುಮ್ಮನಿದ್ದರು, ಮುಂದೆ ಏನು ಎಂಬ ಯಾವುದೂ ಅದರಲ್ಲಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘ಬೆಳಿಗ್ಗೆ 6.20. ಕೇರಿಯ ಕೊನೆಯ ನಲ್ಲಿಯಲ್ಲಿ ಹದಿನಾಲ್ಕು ಕೊಡ ಸಾಲಿನಲ್ಲಿ. ನೀರು ಬಿಟ್ಟದ್ದು 6.45ಕ್ಕೆ, ನಿಂತದ್ದು 7.05ಕ್ಕೆ. ಐದು ಕೊಡ ಖಾಲಿ ಉಳಿದವು. ಮೇಲಿನ ಬೀದಿ ತುಂಬಿದ ಮೇಲೆ ಈ ಕಡೆ ವಾಲ್ವ್ ತಿರುಗಿಸ್ತೀನಿ ಅಂತ ವಾಟರ್‌ಮನ್ ಹೇಳಿದ. ಹೆಂಗಸರು ಅವನ ಎದುರು ಏನೂ ಹೇಳಲಿಲ್ಲ, ಅವನು ಹೋದ ಮೇಲೆ ಬೈದರು.’ ಈ ಏಳೆಂಟು ಸಾಲಿನಲ್ಲಿ ಸಮಸ್ಯೆ ಎಲ್ಲಿದೆ ಎಂಬುದು ಸಿಕ್ಕಿಬಿಟ್ಟಿತು. ನೀರು ಸಾಲದು ಎನ್ನುವುದಕ್ಕಿಂತ ವಾಲ್ವ್ ಯಾವಾಗ ತಿರುಗುತ್ತದೆ ಎನ್ನುವುದೇ ಪ್ರಶ್ನೆ. ಇದಕ್ಕೆ ಬೇಕಾದದ್ದು ಪಂಚಾಯಿತಿಯಲ್ಲಿ ನೀರು ಬಿಡುವ ವೇಳಾಪಟ್ಟಿಯ ನಿರ್ಣಯ, ಹೊಸ ಬೋರ್‌ವೆಲ್ ಅಲ್ಲ.

ವರದಿಯನ್ನು ಅದೇ ದಿನ ರಾತ್ರಿ ಬರೆಯಬೇಕು, ಮೇಲ್ವಿಚಾರಕರು ಅದೇ ವಾರ ಓದಬೇಕು. ಸೆಮಿಸ್ಟರ್ ಕೊನೆಯಲ್ಲಿ ಒಂದೇ ರಾತ್ರಿ, ಒಂದೇ ಪೆನ್ನಿನಲ್ಲಿ ಬರೆದ ಡೈರಿಗೆ ಸಹಿ ಹಾಕುವವರೂ ಇದ್ದಾರೆ, ಅದು ಇಬ್ಬರಿಗೂ ಗೊತ್ತಿರುತ್ತದೆ. ಒಳ್ಳೆಯ ಮೇಲ್ವಿಚಾರಕರು ವಾರವಾರ ಮೂರೇ ಪ್ರಶ್ನೆ ಕೇಳುತ್ತಾರೆ: ಈ ವಾರ ಯಾರ ಮಾತು ನಿನ್ನ ಡೈರಿಯಲ್ಲಿ ಇಲ್ಲ? ಅವರೇ ಮಾಡಬಹುದಾಗಿದ್ದ ಯಾವ ಕೆಲಸವನ್ನು ನೀನು ಮಾಡಿಕೊಟ್ಟೆ? ಮುಂದಿನ ತಾರೀಖು ಯಾವುದು? ಎರಡನೇ ಪ್ರಶ್ನೆಗೆ ತಡಬಡಾಯಿಸುವ ವಿದ್ಯಾರ್ಥಿಯೇ ಸಾಮಾನ್ಯವಾಗಿ ತುಂಬ ಚುರುಕಿನವನು. ಬೈಕ್ ಇದೆ, ಇಂಗ್ಲಿಷ್ ಬರುತ್ತದೆ, ಎಲ್ಲವನ್ನೂ ತಾನೇ ಓಡಾಡಿ ಮುಗಿಸಿಬಿಡುತ್ತಾನೆ. ದಲ್ಲಾಳಿತನದ ಮೊದಲ ಲಕ್ಷಣ ಅದೇ.

ಊರಿನ ನಕ್ಷೆ ಬಿಡಿಸುವ ಅಭ್ಯಾಸ ಎಲ್ಲ ಶಿಬಿರಗಳಲ್ಲೂ ಇದೆ. ರಂಗೋಲಿ ಪುಡಿ, ಕಲ್ಲು, ಎಲೆ ಇಟ್ಟುಕೊಂಡು ಊರವರಿಂದಲೇ ನೆಲದ ಮೇಲೆ ಊರು ಬಿಡಿಸುವುದು. ಆದರೆ ಎಲ್ಲಿ ಕುಳಿತು ಬಿಡಿಸುತ್ತೀರಿ ಎನ್ನುವುದರ ಮೇಲೆ ನಕ್ಷೆ ಬದಲಾಗುತ್ತದೆ. ದೇವಸ್ಥಾನದ ಮುಂದಿನ ಕಟ್ಟೆಯ ಹತ್ತಿರ ಕುಳಿತರೆ ಮೂರು ಬೀದಿ ವಿವರವಾಗಿ ಬರುತ್ತವೆ, ಕೇರಿ ಒಂದು ಮೂಲೆಯ ಕಲ್ಲಾಗುತ್ತದೆ. ಎಷ್ಟೋ ಊರಲ್ಲಿ ಆ ಕಟ್ಟೆಯ ಹತ್ತಿರ ಕೇರಿಯವರು ಬಂದು ಕೂರುವುದೇ ಇಲ್ಲ. ಆದ್ದರಿಂದ ನಕ್ಷೆಯನ್ನು ಮೊದಲು ಕೇರಿಯಲ್ಲಿ ಬಿಡಿಸಿ, ಆಮೇಲೆ ಊರಿನಲ್ಲಿ, ಹೆಂಗಸರೊಂದಿಗೆ ಬೇರೆಯಾಗಿ ಇನ್ನೊಂದು. ಮೂರನ್ನೂ ಫೋಟೊ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಸ್ಮಶಾನ, ಬಯಲಿಗೆ ಹೋಗುವ ದಾರಿ, ಗೋಮಾಳ, ಹೋಟೆಲಿನಲ್ಲಿ ಲೋಟ ಇಡುವ ಜಾಗ ಯಾವ ನಕ್ಷೆಯಲ್ಲಿವೆ, ಯಾವುದರಲ್ಲಿಲ್ಲ ಎಂಬುದೇ ನಿಮ್ಮ ಮೊದಲ ಸಮೀಕ್ಷೆ. ಹೊತ್ತೂ ಮುಖ್ಯ. ಬೆಳಿಗ್ಗೆ 11ಕ್ಕೆ ಹೋದರೆ ಸಿಗುವವರು ಕೂಲಿಗೆ ಹೋಗದವರು. ಆರು ಗಂಟೆಗೆ ಹೋಗಿ, ಇಲ್ಲವೇ ಸಂಜೆ ಏಳರ ಮೇಲೆ.

ಇನ್ನು ಕಾಗದದ ಕೆಲಸ. ಚಳವಳಿಯವರಿಗೆ ಇದು ಗುಮಾಸ್ತಗಿರಿ ಅನ್ನಿಸುತ್ತದೆ, ಕಾಲೇಜಿನವರಿಗೆ ವಕೀಲರ ಕೆಲಸ ಅನ್ನಿಸುತ್ತದೆ. ಇಬ್ಬರೂ ತಪ್ಪಿಸಿಕೊಳ್ಳುತ್ತಾರೆ.

ಮಾಹಿತಿ ಹಕ್ಕಿನ ಅರ್ಜಿಯನ್ನೇ ತೆಗೆದುಕೊಳ್ಳಿ. ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಹೊಸಬರು ಬರೆಯುವುದು ಹೀಗೆ: ‘ನಮ್ಮ ಅಜ್ಜಿಯ ಪಿಂಚಣಿ ಯಾಕೆ ನಿಲ್ಲಿಸಿದಿರಿ?’ ಕಾಯ್ದೆಯಡಿ ಸಿಗುವುದು ಕಚೇರಿಯಲ್ಲಿರುವ ದಾಖಲೆ. ‘ಯಾಕೆ’ ಎಂಬುದಕ್ಕೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರುತ್ತದೆ, ಅಲ್ಲಿಗೆ ತಿಂಗಳು ಹೋಯಿತು. ಕೇಳಬೇಕಾದದ್ದು ಪಿಂಚಣಿ ರದ್ದುಪಡಿಸಿದ ಆದೇಶದ ದೃಢೀಕೃತ ಪ್ರತಿ, ಅದಕ್ಕೆ ಆಧಾರವಾದ ಸ್ಥಳ ಪರಿಶೀಲನಾ ವರದಿ, ಕಡತದ ಟಿಪ್ಪಣಿ ಹಾಳೆ. ಇಷ್ಟು ಬಂದರೆ ‘ಯಾಕೆ’ ತಾನಾಗಿ ಗೊತ್ತಾಗುತ್ತದೆ. ಬದುಕಿರುವವರನ್ನು ಮೃತರೆಂದೋ, ಊರು ಬಿಟ್ಟವರೆಂದೋ ಬರೆದಿರುವುದು ಅಪರೂಪವಲ್ಲ. ಅದಕ್ಕೂ ಮೊದಲು ಪಾಸ್‌ಬುಕ್ ಎಂಟ್ರಿ ಹಾಕಿಸಿ, ನಾಡಕಚೇರಿಯಲ್ಲಿ ವಿಚಾರಿಸಿ. ದುಡ್ಡು ಆಧಾರ್‌ಗೆ ಜೋಡಣೆಯಾದ ಬೇರೆ ಖಾತೆಗೆ ಹೋಗುತ್ತಿದ್ದರೆ ಮಾಹಿತಿ ಹಕ್ಕಿನ ಗೊಡವೆಯೇ ಬೇಡ.

ತಾರೀಖುಗಳು ಇನ್ನೊಂದು ಕಡೆ ಕೈಕೊಡುತ್ತವೆ. ಉತ್ತರಕ್ಕೆ 30 ದಿನ. ಉತ್ತರ ಬಾರದಿದ್ದರೆ ನಿರಾಕರಿಸಿದಂತೆ, ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಅದನ್ನು 30, ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಜನ ‘ಇವತ್ತು ಬರಬಹುದು, ನಾಳೆ ಬರಬಹುದು’ ಎಂದು ಕಾಯುತ್ತಾ ಮೇಲ್ಮನವಿಯ ಗಡುವು ಕಳೆದುಕೊಳ್ಳುತ್ತಾರೆ. ಅರ್ಜಿ ಕೊಟ್ಟ ದಿನವೇ ಅದರ ಸ್ವೀಕೃತಿಯ ಹಿಂದೆ ಈ ತಾರೀಖುಗಳನ್ನು ಬರೆದುಬಿಡಿ. ಆ ಸ್ವೀಕೃತಿ ಅರ್ಜಿದಾರರ ಮನೆಯ ಟ್ರಂಕಿನಲ್ಲಿರಲಿ, ನಿಮ್ಮ ಸಂಸ್ಥೆಯ ಬೀರುವಿನಲ್ಲಿ ಜೆರಾಕ್ಸ್ ಸಾಕು. 30 ದಿನ ಮೀರಿದ ಮೇಲೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕು ಎಂಬುದನ್ನೂ ಕಚೇರಿಯವರಿಗೆ ನೆನಪಿಸಬೇಕಾಗುತ್ತದೆ. ಅರ್ಜಿ ಹಾಕಿದವರ ಮೇಲೆ ಊರಿನಲ್ಲಿ ಒತ್ತಡ ಬರುವ ಸಾಧ್ಯತೆ ಇದ್ದರೆ ಪಟ್ಟಣದಲ್ಲಿರುವ ಯಾರಾದರೂ ಹಾಕಲಿ. ಯಾವ ನಾಗರಿಕರು ಬೇಕಾದರೂ ಕೇಳಬಹುದು, ಕಾರಣ ಹೇಳಬೇಕಿಲ್ಲ.

ಭೂಮಿಯ ಕಾಗದಕ್ಕೆ ಒಂದಿಡೀ ವಾರ ಮೀಸಲಿಡಬೇಕು. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು, 11ರಲ್ಲಿ ಋಣಭಾರ ಏನು, 12ರಲ್ಲಿ ಸಾಗುವಳಿ ಯಾರದು. ಒಂದು ಸರ್ವೆ ನಂಬರಿನ ಹಳೆಯ ಕೈಬರಹದ ಪಹಣಿಯನ್ನೂ ಇವತ್ತಿನ ಕಂಪ್ಯೂಟರ್ ಪಹಣಿಯನ್ನೂ ಹೋಲಿಸಿ ನೋಡಿದವರಿಗೆ ಜಮೀನು ಯಾವ ವರ್ಷ, ಯಾವ ಎಂಆರ್ (ಮ್ಯುಟೇಷನ್, ಅಂದರೆ ಹಕ್ಕು ಬದಲಾವಣೆಯ ರಿಜಿಸ್ಟರ್) ನಂಬರಿನಲ್ಲಿ ಕೈತಪ್ಪಿತು ಎಂಬುದು ಕಾಣುತ್ತದೆ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಿನ ಪರಭಾರೆ ನಿಷೇಧಿಸುವ 1978ರ ಕಾಯ್ದೆಯನ್ನು ಜನ ಪಿಟಿಸಿಎಲ್ ಎಂದೇ ಕರೆಯುತ್ತಾರೆ. ಇದರಡಿ ಜಮೀನು ವಾಪಸ್ ಕೇಳಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಹಾಕುವಾಗ ಮಂಜೂರಾತಿ ಆದೇಶವೋ ಸಾಗುವಳಿ ಚೀಟಿಯೋ ಇಲ್ಲದಿದ್ದರೆ ಕೇಸು ಕುಂಟುತ್ತದೆ. ಮೂಲ ದಾಖಲೆ ‘ಲಭ್ಯವಿಲ್ಲ’ ಎಂದರೆ ಆ ಮಾತನ್ನು ಹಿಂಬರಹವಾಗಿ ಬರಹದಲ್ಲೇ ಪಡೆಯಿರಿ, ಮಂಜೂರಾತಿ ರಿಜಿಸ್ಟರ್ ಮತ್ತು ಮ್ಯುಟೇಷನ್ ಪ್ರತಿಗೆ ಬೇರೆ ಅರ್ಜಿ ಹಾಕಿ. ‘ತುಂಬಾ ತಡವಾಗಿ ಬಂದಿದ್ದೀರಿ’ ಎಂಬ ಕಾರಣಕ್ಕೆ ಇಂಥ ಅರ್ಜಿಗಳು ಬಿದ್ದುಹೋಗತೊಡಗಿದಾಗ 2023ರಲ್ಲಿ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿ ತೆಗೆಯಿತು.

ದೌರ್ಜನ್ಯದ ಪ್ರಕರಣಗಳಿಗೆ ಬರೋಣ. ಇಲ್ಲಿ ಮೊದಲ ಎರಡು ದಿನದ ಕೆಲಸವೇ ಮುಂದಿನ ಐದು ವರ್ಷವನ್ನು ನಿರ್ಧರಿಸುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಡಿ ಎಫ್‌ಐಆರ್ ಹಾಕಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರಲ್ಲಿ ಸೇರಿಸಿದ 18ಎ ಕಲಂ ಹೇಳುತ್ತದೆ. ಬಾಯಿಮಾತಿನ ದೂರನ್ನು ಠಾಣಾಧಿಕಾರಿ ಬರೆದುಕೊಂಡು, ಓದಿ ಹೇಳಿ, ಪ್ರತಿಯನ್ನು ಪುಕ್ಕಟೆ ಕೊಡಬೇಕು. ದೂರು ಬರೆದುಕೊಳ್ಳಲು ಒಪ್ಪದಿದ್ದರೆ ಅದನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯದು, ಆರೋಪಪಟ್ಟಿಗೆ 60 ದಿನ. ಇಷ್ಟನ್ನು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ಹೇಳದೆ ಬಿಡುವುದು ದೂರಿನ ಒಕ್ಕಣೆ ಹೇಗಿರಬೇಕು ಎಂಬುದನ್ನು.

‘ಜಾತಿ ನಿಂದನೆ ಮಾಡಿದರು’ ಎಂದು ಬರೆದ ದೂರು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಯಾವ ಮಾತು ಆಡಿದರೋ ಅದೇ ಮಾತು, ಎಷ್ಟೇ ಹೊಲಸಾಗಿರಲಿ, ದೂರಿನಲ್ಲಿರಬೇಕು. ಹೇಳಲು ದೂರುದಾರರಿಗೇ ನಾಚಿಕೆಯಾಗುತ್ತದೆ, ಬರೆಯುವವರಿಗೂ ಆಗುತ್ತದೆ, ಹಾಗಾಗಿ ‘ಅವಾಚ್ಯ ಶಬ್ದಗಳಿಂದ’ ಎಂದು ಮುಚ್ಚಿಬಿಡುತ್ತಾರೆ. ಎರಡನೆಯದು ಜಾಗ. ಅವಮಾನ ‘ಸಾರ್ವಜನಿಕರ ದೃಷ್ಟಿಗೆ ಬೀಳುವ’ ಕಡೆ ನಡೆದಿರಬೇಕು. ನಾಲ್ಕು ಗೋಡೆಯೊಳಗೆ, ಹೊರಗಿನವರಾರೂ ಇಲ್ಲದಾಗ ಆಡಿದ ಮಾತಿಗೆ ಕಾಯ್ದೆಯ ಅವಮಾನದ ಕಲಂ ಅನ್ವಯವಾಗದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದ್ದರಿಂದ ಎಲ್ಲಿ, ಯಾರು ಯಾರು ನೋಡುತ್ತಿದ್ದರು, ಅವರು ಎಷ್ಟು ದೂರದಲ್ಲಿದ್ದರು ಎಂಬುದು ಬರಲಿ. ಮೂರನೆಯದು ಗಾಯ. ಸಣ್ಣದಿದ್ದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕಾಗಿ ವೈದ್ಯರು ಗಾಯವನ್ನು ದಾಖಲಿಸುವುದು) ಮಾಡಿಸಬೇಕು. ಪ್ರತಿದೂರು ಬಂದೇ ಬರುತ್ತದೆ, ಸಾಮಾನ್ಯವಾಗಿ ಮರುದಿನ, ಹಲ್ಲೆಯದೋ ಕಳವಿನದೋ. ಅದು ಬರುವ ಮೊದಲೇ ಕುಟುಂಬಕ್ಕೆ ಹೇಳಿಟ್ಟಿದ್ದರೆ ಅವರು ಗಾಬರಿಯಲ್ಲಿ ರಾಜಿಗೆ ಒಪ್ಪುವುದಿಲ್ಲ. ಪರಿಹಾರದ ಹಣ ಒಮ್ಮೆಗೇ ಬರುವುದಿಲ್ಲ, ಹಂತಹಂತವಾಗಿ ಬರುತ್ತದೆ ಎಂಬುದನ್ನೂ ಮೊದಲ ದಿನವೇ ತಿಳಿಸಿ. ಇಲ್ಲವಾದರೆ ಉಳಿದ ಕಂತು ನೀವೇ ನುಂಗಿದಿರಿ ಎಂಬ ಮಾತು ಬರುತ್ತದೆ.

ಒಂದು ಪಕ್ಕದ ಮಾತು. ತರಬೇತಿಗೆ ಕೊಡುವ ಕೈಪಿಡಿಗಳಲ್ಲಿ ಇನ್ನೂ ಐಪಿಸಿ, ಸಿಆರ್‌ಪಿಸಿ ಕಲಂಗಳೇ ಇವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮತ್ತು ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿವೆ. ಎಫ್‌ಐಆರ್‌ನ ಹಳೆಯ 154 ಈಗ 173. ಠಾಣೆಯಲ್ಲಿ ಹಳೆಯ ನಂಬರು ಹೇಳಿದ ಕೂಡಲೇ ನಿಮ್ಮ ಮಾತಿನ ತೂಕ ಇಳಿಯುತ್ತದೆ.

ದಾಖಲೆಯ ಶಕ್ತಿಗೆ ನಮ್ಮ ನಾಡಿನದೇ ದೊಡ್ಡ ಉದಾಹರಣೆ ಇದೆ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಫಾಯಿ ಕರ್ಮಚಾರಿ ಆಂದೋಲನದವರು ಮಲ ಹೊರುವ ಪದ್ಧತಿಯ ವಿರುದ್ಧ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ‘ನಮ್ಮಲ್ಲಿ ಇಂಥದ್ದಿಲ್ಲ’ ಎನ್ನುತ್ತಿದ್ದ ಸರ್ಕಾರಗಳ ಎದುರು ಒಣ ಪಾಯಖಾನೆಗಳ ಫೋಟೊ, ಪಟ್ಟಿ ಇಟ್ಟರು. 2014ರ ತೀರ್ಪಿನಲ್ಲಿ ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂ. ಪರಿಹಾರ ಎಂದಾಯಿತು, 2023ರಲ್ಲಿ ಅದು 30 ಲಕ್ಷಕ್ಕೆ ಏರಿತು. ಈಗಲೂ ಇಂಥ ಸಾವಾದಾಗ ಸ್ಥಳೀಯ ಕಾರ್ಯಕರ್ತರ ಮೊದಲ ಕೆಲಸ ಗುತ್ತಿಗೆದಾರರು ಯಾರು, ಕೆಲಸಕ್ಕೆ ಕರೆದದ್ದು ಯಾರು ಎಂಬುದನ್ನು ಅದೇ ದಿನ ಬರೆದಿಡುವುದು. ಮರುದಿನ ಯಾರೂ ಕರೆದೇ ಇರುವುದಿಲ್ಲ.

ಸಭೆ ನಡೆಸುವುದನ್ನು ಕಲಿಸುವವರು ಕಡಿಮೆ. ಗ್ರಾಮಸಭೆಯ ಅನುಭವ ಇದ್ದವರಿಗೆ ಗೊತ್ತು: ನಡಾವಳಿ ಪುಸ್ತಕ ಮೊದಲೇ ಸಹಿಗೆ ತಿರುಗುತ್ತದೆ, ನಿರ್ಣಯ ಆಮೇಲೆ ಬರೆಯುತ್ತಾರೆ. ನಡುವೆ ಬಿಟ್ಟ ಖಾಲಿ ಜಾಗದಲ್ಲಿ ಏನು ಬೇಕಾದರೂ ಬರಬಹುದು. ಕೇರಿಯ ಹತ್ತು ಹೆಂಗಸರಿಗೆ ಒಂದೇ ವಿಷಯ ಅಭ್ಯಾಸ ಮಾಡಿಸಿ: ‘ನಿರ್ಣಯ ಓದಿ, ಕೆಳಗೆ ಗೆರೆ ಎಳೀರಿ, ಆಮೇಲೆ ಸಹಿ.’ ಓದಲು ಬಾರದವರೂ ಈ ಮಾತು ಹೇಳಬಹುದು. ಅದಕ್ಕೂ ಮೊದಲು ವಾರ್ಡ್ ಸಭೆಯಲ್ಲಿ ಬೇಡಿಕೆ ದಾಖಲಾಗಿರಬೇಕು, ಇಲ್ಲದಿದ್ದರೆ ‘ವಾರ್ಡಿನಿಂದ ಬಂದಿಲ್ಲ’ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ತಳ್ಳಿಹಾಕುತ್ತಾರೆ. ಸಭೆಯ ಹಿಂದಿನ ಸಂಜೆ ಅರ್ಧ ಗಂಟೆ ನಾಟಕದ ಹಾಗೆ ಆಡಿಸಿ ನೋಡಿ. ಒಬ್ಬರು ಅಧ್ಯಕ್ಷರು, ಒಬ್ಬರು ಪಿಡಿಒ, ಒಬ್ಬರು ಮಾತು ಕಡಿಯುವವರು. ಎಲ್ಲಿ ಬಾಯಿ ಕಟ್ಟುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಗ್ರಾಮಸಭೆ ಎಂದರೆ ಯಾವುದು ಎಂಬುದರಲ್ಲೇ ಎಡವುವುದುಂಟು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಾಡಿ, ಪೋಡುಗಳ (ಕಾಡಿನ ಬುಡಕಟ್ಟು ಜನರ ಪುಟ್ಟ ವಸತಿಗಳ) ಮಟ್ಟದಲ್ಲೂ ಗ್ರಾಮಸಭೆ ಕರೆಯಬಹುದು. ಇಡೀ ಪಂಚಾಯಿತಿಯ ಗ್ರಾಮಸಭೆಯಲ್ಲಿ ವಿಷಯ ಇಟ್ಟರೆ ಕಾಡಿನವರು ಅಲ್ಪಸಂಖ್ಯಾತರಾಗುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದರು. ಪಶ್ಚಿಮ ಘಟ್ಟದ ಬುಡಕಟ್ಟೇತರ ಅರಣ್ಯವಾಸಿಗಳ ಅರ್ಜಿಗಳು ಬೀಳುವುದು 75 ವರ್ಷದಿಂದ ಅಲ್ಲೇ ಬದುಕಿದ ಪುರಾವೆಯ ಹತ್ತಿರ. ಇಂಥದ್ದೇ ದಾಖಲೆ ಬೇಕು ಎಂದು ಅರ್ಜಿ ಪರಿಶೀಲಿಸುವ ಸಮಿತಿ ಹಟ ಹಿಡಿಯುವಂತಿಲ್ಲ. ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಪುರಾವೆ, ಹಳೆಯ ಬಾವಿ, ಸಮಾಧಿ, ದೇವರ ಬನ ಕೂಡ ಪುರಾವೆ. ಇದನ್ನು ತಿರಸ್ಕಾರದ ನೋಟಿಸು ಬಂದ ಮೇಲೆ ಹೇಳುವುದಕ್ಕಿಂತ ಅರ್ಜಿ ತುಂಬುವಾಗಲೇ ಸೇರಿಸಬೇಕು.

ಮಕ್ಕಳ ವಿಷಯದಲ್ಲಿ ಒಂದೇ ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇವೆ. ಗುಟ್ಟು ಕಾಪಾಡುವುದು ನಮ್ಮ ವೃತ್ತಿಧರ್ಮ ಎಂದು ಪಾಠದಲ್ಲಿ ಓದಿರುತ್ತೀರಿ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಕಲಂನಡಿ ಶಿಕ್ಷೆ. ಆದ್ದರಿಂದ ‘ಯಾರಿಗೂ ಹೇಳಲ್ಲ, ಹೇಳು ಪುಟ್ಟ’ ಎಂದು ಎಂದೂ ಮಾತು ಕೊಡಬೇಡಿ. ‘ನಿನಗೆ ಸಹಾಯ ಮಾಡೋಕೆ ಒಂದಿಬ್ಬರಿಗೆ ನಾನು ಹೇಳಲೇಬೇಕಾಗುತ್ತೆ, ಯಾರಿಗೆ ಅಂತ ನಿನಗೆ ಮೊದಲೇ ಹೇಳ್ತೀನಿ’ ಎನ್ನಿ. ಮಗು ಆಗ ಮಾತು ನಿಲ್ಲಿಸಿದರೂ ನಂಬಿಕೆ ಮುರಿಯುವುದಿಲ್ಲ, ಇನ್ನೊಂದು ದಿನ ಬರುತ್ತದೆ. ಮತ್ತೆ ಮತ್ತೆ ವಿವರ ಕೇಳಬೇಡಿ. ಅದು ತನಿಖೆಯವರ ಕೆಲಸ.

ಪ್ರಶ್ನೆಗಳು

ಸಂಬಳ, ಭದ್ರತೆ ಹೇಗೆ ಎಂದು ಒಬ್ಬರು ಕೇಳಿದರು. ನೇರವಾಗಿ ಹೇಳುವುದಾದರೆ, ಹೆಚ್ಚಿನ ಹುದ್ದೆಗಳು ಯೋಜನೆಗೆ ಕಟ್ಟಿದ ವರ್ಷದ ಗುತ್ತಿಗೆಗಳು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯಿಂದ ದೊಡ್ಡ ಸಂಸ್ಥೆಗಳು ಆ ಹಣವನ್ನು ಸಣ್ಣ ಸಂಸ್ಥೆಗಳಿಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ಹೊಡೆತ ಬಿದ್ದದ್ದು ತಾಲ್ಲೂಕು ಮಟ್ಟದ ಸಂಸ್ಥೆಗಳಿಗೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಶಾಲೆಯ ಕಟ್ಟಡಕ್ಕೆ, ಆಸ್ಪತ್ರೆಯ ಯಂತ್ರಕ್ಕೆ ಸುಲಭವಾಗಿ ಬರುತ್ತದೆ, ಭೂಮಿ ಕೇಳುವ ಸಂಘಟನೆಗೆ ಬರುವುದು ವಿರಳ. ಹಾಗಾಗಿ ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ: ಯೋಜನೆ ಮುಗಿಯುವ ತಾರೀಖು ಯಾವುದು? ಪಿಎಫ್ ಇದೆಯೇ? ಪೆಟ್ರೋಲ್ ಭತ್ಯೆ ಕಿಲೋಮೀಟರಿಗೋ ತಿಂಗಳಿಗೋ? ಅಪಘಾತ ವಿಮೆ? ಹತ್ತು ಮತ್ತು ಅದಕ್ಕೂ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಕಡ್ಡಾಯ. ಅದರ ಸದಸ್ಯರು ಯಾರು ಎಂದು ಕೇಳಿ. ನ್ಯಾಯದ ಮಾತಾಡುವ ಸಂಸ್ಥೆಯಲ್ಲಿ ಇದನ್ನು ಕೇಳುವುದು ಉದ್ಧಟತನ ಅಲ್ಲ.

ಮೇಲ್ಜಾತಿಯಿಂದ ಬಂದವರು ಕೇರಿಯಲ್ಲಿ ಕೆಲಸ ಮಾಡಬಹುದೇ ಎಂಬುದು ಇನ್ನೊಂದು ಪ್ರಶ್ನೆ. ಮಾಡಬಹುದು. ಆದರೆ ಅವರಿಗೆ ಅರ್ಧ ಕೆಲಸ ಕೇರಿಯಲ್ಲಿ, ಅರ್ಧ ಕೆಲಸ ತಮ್ಮವರ ಬೀದಿಯಲ್ಲಿ ಇರುತ್ತದೆ, ಮತ್ತು ಎಲ್ಲರೂ ತಪ್ಪಿಸಿಕೊಳ್ಳುವುದು ಎರಡನೆಯದನ್ನು. ಠಾಣೆಯಲ್ಲಿ ನಿಮಗೆ ಕುರ್ಚಿ ಹಾಕಿ ದೂರುದಾರರನ್ನು ನಿಲ್ಲಿಸಿದರೆ ನೀವೂ ನಿಲ್ಲಿ, ಅಥವಾ ಇನ್ನೊಂದು ಕುರ್ಚಿ ಕೇಳಿ.

ಮೂರನೆಯದು: ಪ್ಲೇಸ್‌ಮೆಂಟ್ ಮುಗಿದು ಹೊರಡುವಾಗ ಏನು ಮಾಡಬೇಕು? ಕೊನೆಯ ವಾರದಲ್ಲಿ ವಿದಾಯದ ಫೋಟೊ ತೆಗೆಸಿಕೊಳ್ಳುವ ಮುನ್ನ ಪ್ರತಿ ಪ್ರಕರಣಕ್ಕೂ ಒಂದು ಹಾಳೆ ತಯಾರಿಸಿ. ಅರ್ಜಿದಾರರ ಹೆಸರು, ಅರ್ಜಿಯ ಸಂಖ್ಯೆ, ಯಾವ ಕಚೇರಿಯ ಯಾವ ಮೇಜಿನಲ್ಲಿದೆ, ಕೊನೆಯ ಸಲ ಏನೆಂದರು, ಮುಂದಿನ ತಾರೀಖು, ಮೇಲ್ಮನವಿಯ ಗಡುವು. ಎರಡು ಪ್ರತಿ ಮಾಡಿ ಒಂದನ್ನು ಅರ್ಜಿದಾರರಿಗೆ ಕೊಡಿ, ಇನ್ನೊಂದನ್ನು ಸಂಸ್ಥೆಗೆ. ಉಚಿತ ಕಾನೂನು ನೆರವು ಬೇಕಾದ ಪ್ರಕರಣವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅವರನ್ನು ಒಮ್ಮೆ ಕರೆದುಕೊಂಡು ಹೋಗಿ ಪರಿಚಯಿಸಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಅಲ್ಲಿ ಆದಾಯದ ಮಿತಿ ನೋಡುವುದಿಲ್ಲ. ಆಮೇಲೆ ಒಂದು ಸಲ ಅವರು ಒಬ್ಬರೇ ಹೋಗಿ ಬರಲಿ, ನೀವು ಇನ್ನೂ ಊರಲ್ಲಿರುವಾಗಲೇ. ಎಲ್ಲಿ ಸಿಕ್ಕಿಹಾಕಿಕೊಂಡರೋ ಅದನ್ನು ಸರಿಪಡಿಸಲು ಆಗ ಇನ್ನೂ ನಾಲ್ಕು ದಿನ ಸಿಗುತ್ತದೆ.